ಲ್ಯಾಪ್‌ಟಾಪ್‌ನಿಂದ ತೆಗೆದ ಡಿಸ್ಕಿಗೆ ಎನ್‌ಕ್ಲೋಷರ್ ಆರಿಸುವುದು ಹೇಗೆ

ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಹಾಕಿಸಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್ ಕೈಯಲ್ಲಿ ಉಳಿಯುತ್ತದೆ. ಅದನ್ನು ಒಂದು ಎನ್‌ಕ್ಲೋಷರ್‌ಗೆ, ಅಂದರೆ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಡಬ್ಬಿಗೆ, ಕೂರಿಸಿದರೆ ಬ್ಯಾಕಪ್‌ಗೆ ಯುಎಸ್‌ಬಿ ಡಿಸ್ಕ್ ಸಿದ್ಧ. ಲ್ಯಾಪ್‌ಟಾಪೇ ಕೆಟ್ಟು ಕೂತಾಗ ಒಳಗಿನ ಫೈಲುಗಳನ್ನು ಹೊರತೆಗೆಯಲು ಇರುವ ಸುಲಭದ ದಾರಿಯೂ ಇದೇ.

ಹೊರಗಿಂದ ನೋಡಿದರೆ ಎಲ್ಲ ಎನ್‌ಕ್ಲೋಷರ್‌ಗಳೂ ಒಂದೇ ತರಹದ ಡಬ್ಬಿಗಳು. ಒಳಗೆ ಎರಡು ಬೆರಳಗಲದ ಒಂದು ಬೋರ್ಡ್ ಇರುತ್ತದೆ. ಡಿಸ್ಕಿನ ಮಾತನ್ನು ಯುಎಸ್‌ಬಿ ಮಾತಿಗೆ ತಿರುಗಿಸುವ ಬ್ರಿಡ್ಜ್ ಚಿಪ್ ಅದರ ಮೇಲಿರುತ್ತದೆ. ಕಾಪಿ ಎಷ್ಟು ವೇಗವಾಗಿ ಆಗುತ್ತದೆ, ಡಬ್ಬಿ ಎಷ್ಟು ಬಿಸಿಯಾಗುತ್ತದೆ, ಅರ್ಧದಲ್ಲಿ ಕನೆಕ್ಷನ್ ಕಡಿಯುತ್ತದೆಯೇ ಎಂಬುದೆಲ್ಲ ಆ ಬೋರ್ಡ್, ಅದಕ್ಕೆ ಸಿಗುವ ಕರೆಂಟು ಮತ್ತು ನಡುವಿನ ಕೇಬಲ್‌ನ ಮೇಲೆ ನಿಂತಿದೆ. ‘ಡಿಸ್ಕ್ ಹೋಯಿತು’ ಎಂದು ಜನ ಕೈಬಿಡುವ ಎಷ್ಟೋ ಡಿಸ್ಕುಗಳಲ್ಲಿ ಹೋಗಿರುವುದು ಈ ಮೂರರಲ್ಲಿ ಒಂದು. ಹಾಗಾಗಿ ಡಬ್ಬಿಯ ಬಣ್ಣ, ಆಕಾರ ನೋಡುವುದು ಕಟ್ಟಕಡೆಗೆ.

ಒಂದೇ ಒಂದು ಸಲ ಫೈಲು ತೆಗೆದುಕೊಂಡು ಡಿಸ್ಕನ್ನು ಬದಿಗಿಡುವುದಾದರೆ ಎನ್‌ಕ್ಲೋಷರ್ ಬೇಕಾಗಿಯೂ ಇಲ್ಲ. ಸಾಟಾದಿಂದ (ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸಾಮಾನ್ಯ ಕನೆಕ್ಟರ್) ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಕೇಬಲ್ ಸಾಕು. ಬ್ಯಾಗಿನಲ್ಲಿಟ್ಟು ಓಡಾಡಿಸುವ ಡಿಸ್ಕಿಗೆ ಮಾತ್ರ ಡಬ್ಬಿ ಬೇಕು.

ಮೊದಲು ಡಿಸ್ಕನ್ನು ಗುರುತಿಸಿ

ಕೈಯಲ್ಲಿರುವ ಡಿಸ್ಕ್ ಯಾವುದೆಂದು ತಿಳಿಯದೆ ಡಬ್ಬಿ ಕೊಂಡರೆ ಹಿಂತಿರುಗಿಸುವ ಕೆಲಸ ಗ್ಯಾರಂಟಿ. ಲ್ಯಾಪ್‌ಟಾಪ್‌ಗಳಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ.

ಒಂದು, 2.5 ಇಂಚಿನ ಡಿಸ್ಕ್. ಸುಮಾರು 100 ಮಿಲಿಮೀಟರ್ ಉದ್ದ, 70 ಮಿಲಿಮೀಟರ್ ಅಗಲ. ಇದು ಎಲ್ಲ ಕಂಪನಿಗಳಲ್ಲೂ ಒಂದೇ. ಬದಲಾಗುವುದು ದಪ್ಪ. ಹಳೆಯ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕುಗಳು 9.5 ಮಿಲಿಮೀಟರ್, ಸಾಟಾ ಎಸ್‌ಎಸ್‌ಡಿಗಳು ಮತ್ತು ತೆಳು ಹಾರ್ಡ್ ಡಿಸ್ಕುಗಳು 7 ಮಿಲಿಮೀಟರ್. ಹೆಚ್ಚು ಸಾಮರ್ಥ್ಯದ ಕೆಲವು ಡಿಸ್ಕುಗಳು 12.5 ಅಥವಾ 15 ಮಿಲಿಮೀಟರ್ ಇರುತ್ತವೆ. ಮಾರುಕಟ್ಟೆಯ ಹೆಚ್ಚಿನ ಡಬ್ಬಿಗಳು 9.5ರವರೆಗೆ ಮಾತ್ರ ಹಿಡಿಯುತ್ತವೆ, ಕೆಲವು 7ಕ್ಕೇ ನಿಲ್ಲುತ್ತವೆ. ಸ್ಕೇಲ್ ಹಿಡಿದು ಅಳೆಯಿರಿ. ಕಣ್ಣಂದಾಜಿಗೆ 7 ಮತ್ತು 9.5ರ ವ್ಯತ್ಯಾಸ ಗೊತ್ತಾಗುವುದಿಲ್ಲ, ಮುಚ್ಚಳಕ್ಕೆ ಗೊತ್ತಾಗುತ್ತದೆ. 7 ಮಿಲಿಮೀಟರ್ ಡಿಸ್ಕನ್ನು 9.5ರ ಡಬ್ಬಿಗೆ ಹಾಕಿದರೆ ಒಳಗೆ ಅಲ್ಲಾಡುತ್ತದೆ. ಅದಕ್ಕೆಂದೇ ಕೊಡುವ ಸ್ಪಂಜಿನ ತುಂಡನ್ನು ಎಸೆಯಬೇಡಿ, ಅಲ್ಲಾಟದಿಂದ ಕನೆಕ್ಟರ್ ಸಡಿಲವಾಗುತ್ತದೆ.

ಈ ಡಿಸ್ಕಿನ ಕನೆಕ್ಟರ್ ಸಾಟಾ ಹೌದೇ ಎಂದು ನೋಡಿ. ಸಾಟಾದಲ್ಲಿ ಸೂಜಿಗಳಿರುವುದಿಲ್ಲ. ಚಪ್ಪಟೆಯಾದ ಎರಡು ನಾಲಿಗೆಗಳಿರುತ್ತವೆ: ಚಿಕ್ಕದರಲ್ಲಿ ಡೇಟಾಕ್ಕೆ 7 ಸಂಪರ್ಕ, ಉದ್ದದ್ದರಲ್ಲಿ ಕರೆಂಟಿಗೆ 15. ಬದಲಿಗೆ ಎರಡು ಸಾಲಿನಲ್ಲಿ ಸಣ್ಣ ಸೂಜಿಗಳು ನಿಂತಿದ್ದರೆ ಅದು 44 ಪಿನ್ನಿನ ಐಡಿಇ. ತೀರಾ ಹಳೆಯ ಕಾಲದ್ದು. ಅದಕ್ಕೆ ಐಡಿಇ ಎಂದೇ ಬರೆದಿರುವ ಡಬ್ಬಿ ಹುಡುಕಬೇಕು.

ಇಲ್ಲೊಂದು ಸಾಮಾನ್ಯ ಮೋಸ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಸಾಟಾ ಬಾಯಿಗೆ ಬೆರಳುದ್ದದ ಒಂದು ಅಡಾಪ್ಟರ್ ತುಂಡು ಸಿಕ್ಕಿಸಿರುತ್ತಾರೆ, ಸುತ್ತಲೂ ತಗಡಿನ ಚೌಕಟ್ಟು ಬಿಗಿದಿರುತ್ತಾರೆ. ಅದು ಡಿಸ್ಕಿನ ಭಾಗವೇ ಎಂಬಷ್ಟು ಚೆನ್ನಾಗಿ ಕೂತಿರುತ್ತದೆ. ‘ಇದ್ಯಾವುದೋ ಬೇರೆ ಕನೆಕ್ಟರ್’ ಎಂದುಕೊಳ್ಳುವ ಮೊದಲು ಆ ತುಂಡಿನ ಎರಡೂ ತುದಿ ಹಿಡಿದು ನೇರವಾಗಿ ಎಳೆಯಿರಿ, ಕಳಚಿಕೊಳ್ಳುತ್ತದೆ. ಚೌಕಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗಿಂದ ಸಾದಾ ಸಾಟಾ ಡಿಸ್ಕ್ ಹೊರಬರುತ್ತದೆ.

ಎರಡನೆಯದು ಎಂ.2. ಚ್ಯೂಯಿಂಗ್ ಗಮ್ ಪಟ್ಟಿಯಂಥ ಬರಿಯ ಬೋರ್ಡ್. ಅಗಲ 22 ಮಿಲಿಮೀಟರ್. ಉದ್ದ 30, 42, 60, 80 ಅಥವಾ 110. 2280 ಎಂದರೆ 22 ಅಗಲ, 80 ಉದ್ದ ಎಂದು ಓದಿಕೊಳ್ಳಬೇಕು. ಹೆಚ್ಚಿನ ಡಬ್ಬಿಗಳು 2230ರಿಂದ 2280ರವರೆಗಿನದ್ದನ್ನು ಹಿಡಿಯುತ್ತವೆ, ಸ್ಕ್ರೂ ಹಾಕುವ ತೂತುಗಳು ಆಯಾ ಉದ್ದಕ್ಕೆ ಇರುತ್ತವೆ. ತೀರಾ ಚಿಕ್ಕ ಡಬ್ಬಿ ಕೊಳ್ಳುವಾಗ ಮಾತ್ರ ಉದ್ದ ನೋಡಿ, ಅವುಗಳಲ್ಲಿ 2230 ಮಾತ್ರ ಹಿಡಿಯುವಂಥವೂ ಇವೆ.

ಎಂ.2ದಲ್ಲಿ ಎಡವುವುದು ಉದ್ದದಲ್ಲಿ ಅಲ್ಲ, ಒಳಗಿನ ಬಗೆಯಲ್ಲಿ. ಒಂದೇ ಆಕಾರದಲ್ಲಿ ಎರಡು ಜಾತಿಯ ಎಸ್‌ಎಸ್‌ಡಿ ಬರುತ್ತವೆ: ಎನ್‌ವಿಎಂಇ ಎಂಬ ಹೆಚ್ಚು ವೇಗದ ಬಗೆ ಮತ್ತು ಸಾಟಾ. ಎನ್‌ವಿಎಂಇ ಡಬ್ಬಿಗೆ ಸಾಟಾ ಎಂ.2 ಹಾಕಿದರೆ ಏನೂ ಸುಡುವುದಿಲ್ಲ, ಆದರೆ ಡಿಸ್ಕ್ ಕಾಣಿಸುವುದೂ ಇಲ್ಲ. ಗುರುತಿಸಲು ಚಿನ್ನದ ಬಣ್ಣದ ಸಂಪರ್ಕಗಳ ಸಾಲನ್ನು ಬೆಳಕಿಗೆ ಹಿಡಿಯಿರಿ. ಸಾಲಿನಲ್ಲಿ ಒಂದೇ ಕಚ್ಚು ಇದ್ದು, ಅದರ ತುದಿಯ ಕಡೆ 5 ಸಂಪರ್ಕಗಳ ಸಣ್ಣ ಗುಂಪು ಇದ್ದರೆ ಅದು ಎಂ ಕೀ (ಕಚ್ಚಿನ ಜಾಗಕ್ಕೆ ಕೀ ಎನ್ನುತ್ತಾರೆ), ಬಹುಪಾಲು ಎನ್‌ವಿಎಂಇ. ಎರಡು ಕಚ್ಚು ಇದ್ದರೆ ಬಿ ಮತ್ತು ಎಂ ಎರಡೂ ಕೀ. ಹೆಚ್ಚಾಗಿ ಸಾಟಾ, ಆದರೆ ಎನ್‌ವಿಎಂಇಯೂ ಇರಬಹುದು. ಹೀಗಾಗಿ ಕಚ್ಚು ಬರೀ ಸುಳಿವು. ತೀರ್ಮಾನಕ್ಕೆ ಲೇಬಲ್ ಮೇಲಿನ ಮಾಡೆಲ್ ನಂಬರ್ ಹುಡುಕಿ ನೋಡುವುದೇ ಸರಿ. ಅದೂ ಬೇಡವೆಂದರೆ ಎರಡನ್ನೂ ಹಿಡಿಯುವ ಡಬ್ಬಿ ಕೊಳ್ಳಿ. ರಿಯಲ್‌ಟೆಕ್‌ನ ಆರ್‌ಟಿಎಲ್9210ಬಿ ಚಿಪ್ ಇರುವ ಡಬ್ಬಿಗಳು ಈ ಎರಡೂ ಬಗೆಯನ್ನು ನಡೆಸುತ್ತವೆ. ಜೆಮೈಕ್ರಾನ್‌ನ ಜೆಎಂಎಸ್583, ಎಎಸ್‌ಮೀಡಿಯಾದ ಎಎಸ್‌ಎಂ2362 ಎನ್‌ವಿಎಂಇಗೆ ಮಾತ್ರ.

ಕೆಲವು ಹಳೆಯ ಮ್ಯಾಕ್‌ಬುಕ್‌ಗಳ ಎಸ್‌ಎಸ್‌ಡಿ ಎಂ.2 ಹಾಗೆ ಕಂಡರೂ ಆಪಲ್‌ನದೇ ಕನೆಕ್ಟರ್ ಇರುವಂಥದ್ದು, ಸಾಮಾನ್ಯ ಎಂ.2 ಡಬ್ಬಿಗೆ ಹೋಗುವುದಿಲ್ಲ.

3.5 ಇಂಚಿನ ಡೆಸ್ಕ್‌ಟಾಪ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸಬೇಕಾದರೆ ಸಾಟಾ ಕನೆಕ್ಟರ್ ಅದೇ, ಆದರೆ ಅದರ ಮೋಟರಿಗೆ 12 ವೋಲ್ಟ್ ಬೇಕು. ಯುಎಸ್‌ಬಿಯಿಂದ ಬರುವುದು 5 ವೋಲ್ಟ್. ಹಾಗಾಗಿ ಪ್ರತ್ಯೇಕ ಅಡಾಪ್ಟರ್ ಜೊತೆಗೆ ಬರುವ ಡಬ್ಬಿಯೇ ಆಗಬೇಕು, ಸಾಮಾನ್ಯವಾಗಿ 12 ವೋಲ್ಟ್ 2 ಆಂಪಿಯರ್. ಆ ಅಡಾಪ್ಟರಿನ ಮೇಲೆ ಒಂದು ಚೀಟಿ ಅಂಟಿಸಿ. ದುಂಡು ಪಿನ್ ಹೊಂದುತ್ತದೆಂದು ಬೇರೆ ಯಾವುದೋ 19 ವೋಲ್ಟಿನ ಚಾರ್ಜರ್ ಚುಚ್ಚಿದರೆ ಡಿಸ್ಕಿನ ಬೋರ್ಡ್ ಸುಟ್ಟುಹೋಗುತ್ತದೆ.

ಲ್ಯಾಪ್‌ಟಾಪಿನ ಪೋರ್ಟ್ ಎಷ್ಟು ಎಳೆಯುತ್ತದೆ

ಯುಎಸ್‌ಬಿಯ ಹೆಸರುಗಳಷ್ಟು ಗೋಜಲು ಬೇರೆಲ್ಲೂ ಇಲ್ಲ. 2008ರಲ್ಲಿ ಯುಎಸ್‌ಬಿ 3.0 ಎಂದು ಬಂದದ್ದನ್ನೇ ಆಮೇಲೆ 3.1 ಜೆನ್ 1 ಎಂದರು, ಅದಾದ ಮೇಲೆ 3.2 ಜೆನ್ 1 ಎಂದರು. ಮೂರೂ ಒಂದೇ. ಹೆಸರು ಬಿಡಿ, ಸೆಕೆಂಡಿಗೆ ಎಷ್ಟು ಗಿಗಾಬಿಟ್ ಎಂಬ ಅಂಕಿ ಮಾತ್ರ ಹಿಡಿದುಕೊಳ್ಳಿ.

ಯುಎಸ್‌ಬಿ 2.0 ಎಂದರೆ 480 ಮೆಗಾಬಿಟ್. ಕಾಪಿ ಮಾಡುವಾಗ ಸೆಕೆಂಡಿಗೆ 35ರಿಂದ 40 ಮೆಗಾಬೈಟ್ ಸಿಗುತ್ತದೆ. 5 ಗಿಗಾಬಿಟ್ ಪೋರ್ಟಿನಲ್ಲಿ 400ರ ಮೇಲೆ ಸ್ವಲ್ಪ. 10 ಗಿಗಾಬಿಟ್‌ನಲ್ಲಿ ಸುಮಾರು 1000. 40 ಗಿಗಾಬಿಟ್‌ನ ಯುಎಸ್‌ಬಿ4 ಅಥವಾ ಥಂಡರ್‌ಬೋಲ್ಟ್‌ನಲ್ಲಿ (ಸಿ ಆಕಾರದ ಪೋರ್ಟಿನಲ್ಲೇ ಬರುವ ಇನ್ನೊಂದು ವೇಗದ ಪದ್ಧತಿ) 3000 ಮೀರುವುದೂ ಉಂಟು.

ಈಗ ಡಿಸ್ಕಿನ ಕಡೆ ನೋಡಿ. ಲ್ಯಾಪ್‌ಟಾಪಿನ, ನಿಮಿಷಕ್ಕೆ 5400 ಸುತ್ತಿನ ಹಾರ್ಡ್ ಡಿಸ್ಕ್ ತಾನೇ ಸೆಕೆಂಡಿಗೆ 100ರಿಂದ 140 ಮೆಗಾಬೈಟ್‌ಗಿಂತ ಹೆಚ್ಚು ಕೊಡಲಾರದು. ಅದಕ್ಕೆ 10 ಗಿಗಾಬಿಟ್ ಡಬ್ಬಿ ಕೊಳ್ಳುವುದು ದಂಡ, 5 ಧಾರಾಳ. ಸಾಟಾ ಎಸ್‌ಎಸ್‌ಡಿ 550ರವರೆಗೆ ಹೋಗುತ್ತದೆ. 5 ಗಿಗಾಬಿಟ್ ಡಬ್ಬಿಯಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ, ದಿನಬಳಕೆಯಲ್ಲಿ ಅದು ಲೆಕ್ಕಕ್ಕೆ ಬರುವಂಥದ್ದಲ್ಲ. ಎನ್‌ವಿಎಂಇಗೆ ಮಾತ್ರ 10 ಗಿಗಾಬಿಟ್ ಡಬ್ಬಿ ಬೇಕೇ ಬೇಕು.

20 ಗಿಗಾಬಿಟ್‌ನ ಡಬ್ಬಿಗಳು ಎರಡೂ ಕಡೆ ಸಲ್ಲದ ಸರಕು. ಆ ವೇಗಕ್ಕೆ ಲ್ಯಾಪ್‌ಟಾಪಿನ ಪೋರ್ಟ್ ‘3.2 ಜೆನ್ 2 ಬೈ 2’ ಆಗಿರಬೇಕು, ಅಂಥ ಪೋರ್ಟ್ ಇರುವ ಲ್ಯಾಪ್‌ಟಾಪ್‌ಗಳು ಕಡಿಮೆ. ಥಂಡರ್‌ಬೋಲ್ಟ್ 4 ಇದೆ, 40 ಗಿಗಾಬಿಟ್ ಇದೆ, 20 ಹೇಗೂ ಸಿಗುತ್ತದೆ ಎಂದುಕೊಳ್ಳುವುದು ಸಹಜ. ಸಿಗುವುದಿಲ್ಲ, ಹೆಚ್ಚಿನವುಗಳಲ್ಲಿ ಈ ಡಬ್ಬಿ 10ಕ್ಕೆ ಇಳಿದು ಓಡುತ್ತದೆ. ಥಂಡರ್‌ಬೋಲ್ಟ್ 3ಕ್ಕೆಂದೇ ಮಾಡಿದ ಕೆಲವು ಹಳೆಯ ಡಬ್ಬಿಗಳದ್ದು ಇನ್ನೊಂದು ಕಥೆ: ಸಾದಾ ಯುಎಸ್‌ಬಿ-ಸಿ ಪೋರ್ಟಿಗೆ ಚುಚ್ಚಿದರೆ ಅವು ಜೀವವನ್ನೇ ತಾಳುವುದಿಲ್ಲ.

ಲ್ಯಾಪ್‌ಟಾಪಿನ ಪೋರ್ಟ್ ಯಾವುದೆಂದು ಅದರ ಬಣ್ಣದಿಂದ ತೀರ್ಮಾನಿಸಬೇಡಿ. ನೀಲಿ ನಾಲಿಗೆ ಇದ್ದರೆ ಸಾಮಾನ್ಯವಾಗಿ 5 ಗಿಗಾಬಿಟ್ ನಿಜ, ಆದರೆ ಎಷ್ಟೋ ತಯಾರಕರು ಎಲ್ಲದಕ್ಕೂ ಕಪ್ಪು ಹಾಕುತ್ತಾರೆ. ಸಿ ಆಕಾರದ ಪೋರ್ಟ್ ಎಂದರೆ ವೇಗವೆಂದೂ ಅರ್ಥವಲ್ಲ. ಸಿ ಎಂಬುದು ಬಾಯಿಯ ಆಕಾರ ಅಷ್ಟೆ, ಒಳಗೆ ಬರೀ 2.0 ಇರಬಹುದು. ತಯಾರಕರ ಪುಟದಲ್ಲಿ ನಿಮ್ಮ ಮಾಡೆಲ್‌ನ ವಿವರ ತೆಗೆದು ಪ್ರತಿ ಪೋರ್ಟಿನ ಅಂಕಿ ಓದಿ. ಎಡಬದಿಯದ್ದು 10, ಬಲಬದಿಯದ್ದು 2.0 ಇರುವ ಲ್ಯಾಪ್‌ಟಾಪ್‌ಗಳು ಬೇಕಾದಷ್ಟಿವೆ.

ಕರೆಂಟಿನ ಲೆಕ್ಕ

ಡಿಸ್ಕಿನ ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ‘5 ವೋಲ್ಟ್’ ಎಂದೂ ಪಕ್ಕದಲ್ಲಿ ಆಂಪಿಯರ್ ಅಂಕಿಯೂ ಇರುತ್ತದೆ. 0.55 ಇರಬಹುದು, 1.0 ಇರಬಹುದು. ಕೊಳ್ಳುವ ಮೊದಲು ಓದಬೇಕಾದ ಅತಿ ಮುಖ್ಯ ಅಂಕಿ ಇದು, ಯಾರೂ ಓದುವುದಿಲ್ಲ.

ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ 0.5 ಆಂಪಿಯರ್ ಕೊಡುತ್ತದೆ, ಅಂದರೆ 2.5 ವಾಟ್. ಯುಎಸ್‌ಬಿ 3.0 ಪೋರ್ಟ್ 0.9 ಆಂಪಿಯರ್, 4.5 ವಾಟ್. ಸಿ ಪೋರ್ಟುಗಳು 1.5 ಅಥವಾ 3 ಆಂಪಿಯರ್ ಕೊಡಬಲ್ಲವು, ಕೊಡಲೇಬೇಕೆಂದಿಲ್ಲ.

2.5 ಇಂಚಿನ ಹಾರ್ಡ್ ಡಿಸ್ಕ್ ಓಡುತ್ತಿರುವಾಗ 2 ವಾಟ್ ಆಸುಪಾಸಿನಲ್ಲಿ ನೆಮ್ಮದಿಯಾಗಿರುತ್ತದೆ. ಕಷ್ಟ ಬರುವುದು ತಟ್ಟೆ ಸುತ್ತಲು ಶುರುಮಾಡುವ ಮೊದಲ ಕೆಲವು ಸೆಕೆಂಡುಗಳಲ್ಲಿ. ಆಗ 1 ಆಂಪಿಯರ್ ಹತ್ತಿರ ಎಳೆಯುತ್ತದೆ. ಪೋರ್ಟ್ ಅಷ್ಟು ಕೊಡದಿದ್ದರೆ ಡಿಸ್ಕ್ ಸುತ್ತಲು ಹೊರಡುತ್ತದೆ, ವೋಲ್ಟೇಜ್ ಕುಸಿಯುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಕಿವಿಗೆ ಕೇಳುವುದು ‘ಜ್ಯೂ... ಟಿಕ್... ಜ್ಯೂ... ಟಿಕ್’. ಡಿಸ್ಕ್ ಕೆಟ್ಟಾಗ ಬರುವ ಸದ್ದೂ ಹೆಚ್ಚುಕಡಿಮೆ ಇದೇ ಆದ್ದರಿಂದ ಜನ ಗಾಬರಿಯಾಗುತ್ತಾರೆ. ಮೊದಲು ಲ್ಯಾಪ್‌ಟಾಪಿನ ಇನ್ನೊಂದು ಬದಿಯ ಪೋರ್ಟಿಗೆ, ಹಬ್ ಇಲ್ಲದೆ, ಗಿಡ್ಡ ಕೇಬಲ್‌ನಲ್ಲಿ ಚುಚ್ಚಿ ನೋಡಿ. ಹಳೆಯ ಲ್ಯಾಪ್‌ಟಾಪ್ ಆದರೆ ಎರಡು ಬಾಲದ ವೈ ಕೇಬಲ್ ಬೇಕಾಗಬಹುದು. ಎರಡನೆಯ ಬಾಲ ಕರೆಂಟಿಗೆ ಮಾತ್ರ. ಹೊರಗಿನ ಅಡಾಪ್ಟರ್‌ನಿಂದ ಕರೆಂಟು ಪಡೆಯುವ ಹಬ್ ಇದ್ದರೆ ಇನ್ನೂ ಒಳ್ಳೆಯದು. ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ಹಾರ್ಡ್ ಡಿಸ್ಕ್, ಕೀಬೋರ್ಡ್, ಫೋನು ಎಲ್ಲವನ್ನೂ ಜೋಡಿಸಿದರೆ ಅಲ್ಲಿ ಇರುವ ಅರ್ಧ ರೊಟ್ಟಿಗೆ ಮೂರು ಜನ.

ಎನ್‌ವಿಎಂಇ ಎಸ್‌ಎಸ್‌ಡಿಗೆ ತಟ್ಟೆ ಸುತ್ತಿಸುವ ಕೆಲಸವಿಲ್ಲ, ಆದರೆ ಬರೆಯುವಾಗ 5 ವಾಟ್ ಮೀರುವ ಮಾಡೆಲ್‌ಗಳಿವೆ, ಜೊತೆಗೆ ಬ್ರಿಡ್ಜ್ ಚಿಪ್‌ನ ಪಾಲೂ ಇದೆ. ಹಾಗಾಗಿ ಸಣ್ಣ ಫೈಲು ಸರಾಗ, 50 ಗಿಗಾಬೈಟ್ ಕಾಪಿಗೆ ಕೂತರೆ ಅರ್ಧದಲ್ಲಿ ಡಿಸ್ಕ್ ಮಾಯ, ಎಂಬ ದೂರು ಬಂದರೆ ಮೊದಲ ಗುಮಾನಿ ಕರೆಂಟಿನ ಮೇಲೆಯೇ. ಡಬ್ಬಿಗೆ ಹಾಕಲು ಎಸ್‌ಎಸ್‌ಡಿ ಆರಿಸುವಾಗ ಅತಿ ವೇಗದ್ದಕ್ಕಿಂತ ಕಡಿಮೆ ವಾಟ್‌ನದ್ದು ಒಳ್ಳೆಯದು. 10 ಗಿಗಾಬಿಟ್ ಪೋರ್ಟಿನಲ್ಲಿ ಎರಡೂ ಒಂದೇ ವೇಗ ಕೊಡುತ್ತವೆ.

ಬ್ರಿಡ್ಜ್ ಚಿಪ್

ಮಾರುವವರು ಚಿಪ್‌ನ ಹೆಸರು ಬರೆದಿದ್ದರೆ ಅದು ಒಳ್ಳೆಯ ಲಕ್ಷಣ. ಸಾಟಾ ಡಬ್ಬಿಗಳಲ್ಲಿ ಎಎಸ್‌ಎಂ1153ಇ, ಎಎಸ್‌ಎಂ235ಸಿಎಂ, ಜೆಎಂಎಸ್578, ಜೆಎಂಎಸ್580 ಇವು ಹೆಚ್ಚಾಗಿ ಕಾಣುವ ಹೆಸರುಗಳು. ಚಿಪ್ ಯಾವುದಾದರೂ ಇರಲಿ, ಮೂರು ವಿಷಯ ಖಾತ್ರಿ ಮಾಡಿಕೊಳ್ಳಬೇಕು.

ಯುಎಎಸ್‌ಪಿ ಇರಬೇಕು. ಹಳೆಯ ಯುಎಸ್‌ಬಿ ಪದ್ಧತಿಯಲ್ಲಿ ಒಂದು ಆಜ್ಞೆ ಮುಗಿಯದೆ ಇನ್ನೊಂದನ್ನು ಕಳಿಸುವ ಹಾಗಿಲ್ಲ. ಯುಎಎಸ್‌ಪಿಯಲ್ಲಿ ಹಲವನ್ನು ಸಾಲಾಗಿ ನಿಲ್ಲಿಸಬಹುದು. ಹಾರ್ಡ್ ಡಿಸ್ಕಿನಲ್ಲಿ ಇದರ ಲಾಭ ಕಡಿಮೆ, ಎಸ್‌ಎಸ್‌ಡಿಯಲ್ಲಿ ಸಣ್ಣ ಸಣ್ಣ ಸಾವಿರಾರು ಫೈಲುಗಳ ಕಾಪಿಗೆ ಎದ್ದು ಕಾಣುತ್ತದೆ. ವಿಂಡೋಸ್ 8ರಿಂದ ಈಚೆಗೆ ಇದು ಒಳಗೇ ಇದೆ. ಡಿವೈಸ್ ಮ್ಯಾನೇಜರ್‌ನ ಸ್ಟೋರೇಜ್ ಕಂಟ್ರೋಲರ್ ಪಟ್ಟಿಯಲ್ಲಿ ‘ಯುಎಸ್‌ಬಿ ಅಟ್ಯಾಚ್ಡ್ ಎಸ್‌ಸಿಎಸ್‌ಐ’ ಎಂಬ ಸಾಲು ಬಂದರೆ ಓಡುತ್ತಿದೆ ಎಂದರ್ಥ. ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಆದೇಶವನ್ನು ಟಿ ಆಯ್ಕೆಯೊಂದಿಗೆ ಓಡಿಸಿದರೆ ಡ್ರೈವರ್ ಜಾಗದಲ್ಲಿ ‘ಯುಎಎಸ್’ ಎಂದು ಬರಬೇಕು.

ಎಸ್‌ಎಸ್‌ಡಿಗಾದರೆ ಟ್ರಿಮ್ ಹಾಯಬೇಕು. ಯಾವ ಜಾಗ ಖಾಲಿಯಾಯಿತು ಎಂಬ ಸುದ್ದಿ ಎಸ್‌ಎಸ್‌ಡಿಗೆ ತಲುಪದಿದ್ದರೆ ತಿಂಗಳುಗಟ್ಟಲೆ ಬಳಸಿದ ಮೇಲೆ ಬರೆಯುವ ವೇಗ ಬೀಳುತ್ತದೆ. ಬರೀ ಬ್ಯಾಕಪ್‌ಗೆ ಇಟ್ಟ ಡಿಸ್ಕಿಗೆ ಇದು ದೊಡ್ಡ ಸಂಗತಿಯಲ್ಲ. ದಿನವೂ ಬರೆದು ಅಳಿಸುವುದಾದರೆ ಬೇಕು.

ಮೂರನೆಯದು ಸ್ಮಾರ್ಟ್ ಮಾಹಿತಿ. ಡಿಸ್ಕಿನ ಆರೋಗ್ಯ, ಉಷ್ಣತೆ, ಕೆಟ್ಟ ಸೆಕ್ಟರ್‌ಗಳ ಎಣಿಕೆ ಡಬ್ಬಿಯ ಆಚೆ ಬರಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ತೆರೆದರೆ ಉಷ್ಣತೆಯ ಅಂಕಿ ಕಾಣಬೇಕು. ಕೆಲವು ಅಗ್ಗದ ಬೋರ್ಡುಗಳು ಇದನ್ನು ತಡೆದುಬಿಡುತ್ತವೆ. ಹಳೆಯ ಡಿಸ್ಕನ್ನು ಕುರುಡಾಗಿ ನಂಬಬೇಕಾಗುತ್ತದೆ.

ಮಾರುವವರು ಹೇಳಿದ ಚಿಪ್ಪೇ ಬಂದಿದೆಯೇ ಎಂದು ಪರೀಕ್ಷಿಸಲು ಡಿವೈಸ್ ಮ್ಯಾನೇಜರ್‌ನಲ್ಲಿ ಹಾರ್ಡ್‌ವೇರ್ ಐಡಿ ತೆರೆಯಿರಿ. ವೆಂಡರ್ ಸಂಖ್ಯೆ 152ಡಿ ಇದ್ದರೆ ಜೆಮೈಕ್ರಾನ್, 174ಸಿ ಇದ್ದರೆ ಎಎಸ್‌ಮೀಡಿಯಾ, 0ಬಿಡಿಎ ಇದ್ದರೆ ರಿಯಲ್‌ಟೆಕ್. ಡಬ್ಬಿ ತಯಾರಕರು ತಮ್ಮದೇ ಸಂಖ್ಯೆ ಬರೆದುಕೊಂಡಿದ್ದರೆ ಮಾತ್ರ ಇದರಿಂದ ತಿಳಿಯುವುದಿಲ್ಲ.

2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕ್ ಇದ್ದವರು ಇನ್ನೊಂದನ್ನು ನೋಡಿ. ಹಳೆಯ ಚಿಪ್‌ಗಳು 512 ಬೈಟಿನ ಸೆಕ್ಟರ್‌ಗಳನ್ನು 32 ಬಿಟ್‌ನಲ್ಲಿ ಎಣಿಸುತ್ತವೆ, 2.2 ಟೆರಾಬೈಟ್‌ಗೆ ಎಣಿಕೆ ಮುಗಿಯುತ್ತದೆ. 3 ಟೆರಾಬೈಟ್‌ನ ಡಿಸ್ಕ್ 746 ಗಿಗಾಬೈಟ್ ಎಂದು ತೋರಿಸಿದರೆ ಕಾರಣ ಇದೇ. ಡಿಸ್ಕ್ ಸರಿಯಾಗಿದೆ, ಡಬ್ಬಿ ಬದಲಿಸಿ.

ಕೇಬಲ್ ಮತ್ತು ಬಾಯಿ

ಡಬ್ಬಿಯ ಕಡೆ ಸಿ ಬಾಯಿ ಇರುವುದನ್ನೇ ಆರಿಸಿ. ಹಳೆಯ ಅಗಲ ಮೈಕ್ರೋ-ಬಿ ಬಾಯಿ ವೇಗದಲ್ಲಿ ಕಡಿಮೆಯೇನಲ್ಲ, ಆದರೆ ಬಲು ನಾಜೂಕು. ಕೇಬಲ್‌ಗೆ ಕೈ ತಗುಲಿದರೆ ಡಿಸ್ಕ್ ಹೊರಟುಹೋಗುತ್ತದೆ, ವರ್ಷ ಕಳೆದರೆ ಬಾಯಿಯೇ ಬೋರ್ಡಿನಿಂದ ಕಿತ್ತು ಬರುತ್ತದೆ.

ಸಿ ಕೇಬಲ್ ವಿಚಾರದಲ್ಲಿ ಒಂದು ಎಚ್ಚರ. ಫೋನಿನ ಜೊತೆ ಬರುವ ಚಾರ್ಜಿಂಗ್ ಕೇಬಲ್‌ಗಳಲ್ಲಿ ಹೆಚ್ಚಿನವು ಒಳಗೆ 2.0ರ ತಂತಿ ಮಾತ್ರ ಇರುವಂಥವು. 10 ಗಿಗಾಬಿಟ್ ಡಬ್ಬಿ, 10 ಗಿಗಾಬಿಟ್ ಪೋರ್ಟ್, ನಡುವೆ ಆ ಕೇಬಲ್: ಸಿಗುವುದು 40 ಮೆಗಾಬೈಟ್. ಡಬ್ಬಿಯ ಜೊತೆಗೆ ಬಂದ ಕೇಬಲ್‌ಗೆ ಗುರುತು ಕಟ್ಟಿ ಅದನ್ನು ಚಾರ್ಜಿಗೆ ಕೊಡಬೇಡಿ. ಬೇರೆ ಕೊಳ್ಳುವುದಾದರೆ ಗಿಗಾಬಿಟ್ ಅಂಕಿ ಬರೆದಿರುವುದನ್ನೇ ಕೊಳ್ಳಿ, ಅರ್ಧ ಮೀಟರ್ ಉದ್ದ ಸಾಕು.

ಅಗ್ಗದ ಕೆಲವು ಡಬ್ಬಿಗಳಲ್ಲಿ ಪ್ಲಗ್ ತಿರುಗಿಸಿ ಚುಚ್ಚಿದರೆ ವೇಗ ಬದಲಾಗುತ್ತದೆ. ಸಿ ಬಾಯಿಯ ಎರಡೂ ಮುಖಕ್ಕೆ ವೇಗದ ತಂತಿ ಎಳೆಯದೆ ಒಂದೇ ಮುಖಕ್ಕೆ ಎಳೆದು ಉಳಿಸಿರುತ್ತಾರೆ. ಬಂದ ದಿನವೇ ಎರಡೂ ಮುಖದಲ್ಲಿ ಪರೀಕ್ಷಿಸಿ, ಬೇರೆ ಬೇರೆ ವೇಗ ಕಂಡರೆ ಹಿಂತಿರುಗಿಸಿ.

ಡಬ್ಬಿಯ ಮೈ

ಹಾರ್ಡ್ ಡಿಸ್ಕಿಗೆ ಮತ್ತು ಸಾಟಾ ಎಸ್‌ಎಸ್‌ಡಿಗೆ ಪ್ಲಾಸ್ಟಿಕ್ ಡಬ್ಬಿ ಸಾಕು. ಸ್ಕ್ರೂ ಇಲ್ಲದೆ ಜಾರಿಸಿ ಮುಚ್ಚುವುದು ಅನುಕೂಲ. ಎನ್‌ವಿಎಂಇಗೆ ಮಾತ್ರ ಅಲ್ಯೂಮಿನಿಯಂ ಬೇಕು, ಜೊತೆಗೆ ಶಾಖವನ್ನು ಡಬ್ಬಿಯ ಮೈಗೆ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ಇರಲೇಬೇಕು. ಡಬ್ಬಿಯ ಮೈ ಕೈಗೆ ಬಿಸಿ ತಗುಲಿದರೆ ಹೆದರಬೇಡಿ, ಒಳಗಿನ ಶಾಖ ಹೊರಗೆ ಬರುತ್ತಿದೆ ಎಂದರ್ಥ. ಒಳಗಿನ ಎಸ್‌ಎಸ್‌ಡಿ ಕುದಿಯುತ್ತಿದ್ದು ಹೊರಗೆ ತಣ್ಣಗಿದ್ದರೆ ಚಿಂತೆ ಮಾಡಬೇಕು.

ಕೂರಿಸುವ ಕ್ರಮ

ಬಿಚ್ಚುವ ಮೊದಲು ಲ್ಯಾಪ್‌ಟಾಪ್ ಇನ್ನೂ ಓಡುತ್ತಿದ್ದರೆ ಎನ್‌ಕ್ರಿಪ್ಷನ್ ಇದೆಯೇ ನೋಡಿ. ಈಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ತಿಳಿಯದೆಯೇ ಬಿಟ್‌ಲಾಕರ್ ಚಾಲೂ ಆಗಿರುವುದುಂಟು. ಡಿಸ್ಕ್ ಹೊರಬಂದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಯಾವ ಎನ್‌ಕ್ಲೋಷರೂ ಆ ಫೈಲು ತೋರಿಸಲಾರದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯೇ ಎಂದು ಈಗಲೇ ನೋಡಿ ಬರೆದಿಟ್ಟುಕೊಳ್ಳಿ.

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಕನೆಕ್ಟರ್ ಬಿಡಿಸಿ. ಮೈಯ ಸ್ಥಾಯಿ ವಿದ್ಯುತ್ ಹೋಗಲು ಯಾವುದಾದರೂ ದೊಡ್ಡ ಲೋಹದ ವಸ್ತುವನ್ನು ಮುಟ್ಟಿ. ಡಿಸ್ಕನ್ನು ಅಂಚು ಹಿಡಿದು ಎತ್ತಿ, ಹಸಿರು ಬೋರ್ಡ್ ಮೇಲೆ ಬೆರಳಿಡಬೇಡಿ.

2.5 ಇಂಚಿನ ಡಿಸ್ಕಿನಲ್ಲಿ ಸಾಟಾ ನಾಲಿಗೆಗಳ ಒಂದು ತುದಿ ಸೊಟ್ಟಗೆ ಬಾಗಿರುತ್ತದೆ, ಬಡಗಿಯ ಮೂಲೆಮಟ್ಟದ ಹಾಗೆ. ಡಬ್ಬಿಯ ಬಾಯಲ್ಲೂ ಅದೇ ಬಾಗು ಇರುತ್ತದೆ. ಎರಡೂ ಬಾಗು ಒಂದೇ ಕಡೆ ಬರುವಂತೆ ಇಟ್ಟು, ಡಿಸ್ಕನ್ನು ಡಬ್ಬಿಯ ತಳಕ್ಕೆ ಚಪ್ಪಟೆಯಾಗಿ ಮಲಗಿಸಿ ಹಿಂದಿನಿಂದ ಎರಡೂ ಹೆಬ್ಬೆರಳಲ್ಲಿ ಸಮನಾಗಿ ತಳ್ಳಿ. ಮೇಲಿನಿಂದ ಒತ್ತಿದರೆ ನಾಲಿಗೆ ಮುರಿಯುತ್ತದೆ. ಮುರಿದ ಡಿಸ್ಕನ್ನು ಮತ್ತೆ ಜೋಡಿಸುವುದು ಬೆಸುಗೆ ಹಾಕುವವರ ಕೆಲಸ. ಸರಿಯಾಗಿ ಕೂತರೆ ಕೊನೆಯ ಎರಡು ಮಿಲಿಮೀಟರ್ ಸ್ವಲ್ಪ ಬಿಗಿಯಾಗಿ ಸರಿದು ನಿಲ್ಲುತ್ತದೆ.

ಎಂ.2 ಆದರೆ ಸುಮಾರು 30 ಡಿಗ್ರಿ ಓರೆಯಾಗಿ ಬಾಯಿಗೆ ತೂರಿಸಿ. ಚಿನ್ನದ ಸಂಪರ್ಕಗಳು ಹೆಚ್ಚುಕಡಿಮೆ ಮರೆಯಾಗಬೇಕು. ಆಮೇಲೆ ಬಾಲವನ್ನು ಕೆಳಗೆ ಒತ್ತಿ ರಬ್ಬರ್ ಬೆಣೆ ಅಥವಾ ಎಂ2 ಸ್ಕ್ರೂ ಹಾಕಿ. ಥರ್ಮಲ್ ಪ್ಯಾಡಿನ ಎರಡೂ ಬದಿಯಲ್ಲಿ ಪಾರದರ್ಶಕ ಪೊರೆ ಇರುತ್ತದೆ. ಒಂದನ್ನು ಕಿತ್ತು ಇನ್ನೊಂದನ್ನು ಮರೆಯುವುದು ಅತಿ ಸಾಮಾನ್ಯ ತಪ್ಪು. ಎಸ್‌ಎಸ್‌ಡಿಯ ಲೇಬಲ್ ಕೀಳಬೇಡಿ, ವಾರಂಟಿ ಹೋಗುತ್ತದೆ. ಮುಚ್ಚಳ ಹಾಕುವಾಗ ಬೋರ್ಡ್ ಬಾಗುತ್ತಿದ್ದರೆ ಪ್ಯಾಡ್ ದಪ್ಪ ಹೆಚ್ಚಾಯಿತು. ಮುಚ್ಚಿ ತೆರೆದ ಮೇಲೆ ಪ್ಯಾಡಿನ ಮೇಲೆ ಮುಚ್ಚಳದ ಅಚ್ಚೇ ಮೂಡಿಲ್ಲವೆಂದರೆ ತೆಳುವಾಯಿತು. 0.5, 1, 1.5 ಮಿಲಿಮೀಟರ್ ಪ್ಯಾಡುಗಳು ಬಿಡಿಯಾಗಿ ಸಿಗುತ್ತವೆ.

ಮೊದಲ ಸಲ ಚುಚ್ಚಿದಾಗ

ಹೊಸ ಡಿಸ್ಕ್ ಆದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಏನೂ ಕಾಣುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಇನಿಷಿಯಲೈಸ್ ಮಾಡಿ, ಜಿಪಿಟಿ (ಪಾರ್ಟಿಷನ್ ಪಟ್ಟಿಯ ಬಗೆ) ಆರಿಸಿ, ವಾಲ್ಯೂಮ್ ಮಾಡಿ. ಫಾರ್ಮ್ಯಾಟ್ ಆರಿಸುವಾಗ ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್; ಮ್ಯಾಕ್‌ಗೂ ಬರೆಯಬೇಕಾದರೆ ಎಕ್ಸ್‌ಫ್ಯಾಟ್. ಫ್ಯಾಟ್32 ಬೇಡ, 4 ಗಿಗಾಬೈಟ್ ಮುಟ್ಟಿದ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ, ಅಂದರೆ ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಹೆಚ್ಚು ಹಾನಿಯಾಗುತ್ತದೆ.

ಹಳೆಯ ಫೈಲುಗಳಿರುವ ಡಿಸ್ಕ್ ಆದರೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದಾಗ ಕ್ಯಾನ್ಸಲ್ ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿದರೆ ಅಕ್ಷರ ಕೊಡದೆ ಬಿಟ್ಟ ಪಾರ್ಟಿಷನ್ ಇರಬಹುದು, ಲಿನಕ್ಸ್ ಪಾರ್ಟಿಷನ್ ಇರಬಹುದು. ‘ಈ ಫೋಲ್ಡರಿಗೆ ನಿಮಗೆ ಅನುಮತಿ ಇಲ್ಲ’ ಎಂದು ಬಂದರೆ ಅದು ಹಳೆಯ ವಿಂಡೋಸ್ ಬಳಕೆದಾರನ ಬೀಗ. ಕಂಟಿನ್ಯೂ ಒತ್ತಿದರೆ ತೆರೆದುಕೊಳ್ಳುತ್ತದೆ, ತುಸು ಹೊತ್ತು ಹಿಡಿಯುತ್ತದೆ.

ಆಮೇಲೆ ಪರೀಕ್ಷೆ. 30 ಗಿಗಾಬೈಟ್‌ನಷ್ಟು ದೊಡ್ಡ ಫೈಲುಗಳನ್ನು ಒಂದೇ ಸಲ ಕಾಪಿ ಮಾಡಿ. ಮುಗಿದ ಮೇಲೆ ಕೇಬಲ್‌ನ ಬುಡವನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ, ಡಿಸ್ಕ್ ಕಾಣೆಯಾಗಬಾರದು. ಲ್ಯಾಪ್‌ಟಾಪನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿ, ಡಿಸ್ಕೂ ಏಳಬೇಕು. ಅರ್ಧ ಗಂಟೆ ಸುಮ್ಮನೆ ಬಿಟ್ಟು ಮತ್ತೆ ತೆರೆಯಿರಿ. ಕೆಲವು ಚಿಪ್‌ಗಳು 10 ಅಥವಾ 30 ನಿಮಿಷಕ್ಕೆ ಡಿಸ್ಕನ್ನು ನಿದ್ದೆಗೆ ಕಳಿಸುತ್ತವೆ, ಹಾರ್ಡ್ ಡಿಸ್ಕ್ ಆದರೆ ಎಚ್ಚರಗೊಳ್ಳಲು ಕೆಲವು ಸೆಕೆಂಡು ಬೇಕು. ಅದು ದೋಷವಲ್ಲ.

ಕೆಲವು ತೊಂದರೆಗಳು, ಅವುಗಳ ಮೂಲ

ಎಸ್‌ಎಸ್‌ಡಿಯಲ್ಲಿ ಕಾಪಿ ಭರ್ರನೆ ಶುರುವಾಗಿ ಕೆಲವು ಹತ್ತು ಗಿಗಾಬೈಟ್ ಆದ ಮೇಲೆ ಕುಸಿದರೆ ಎರಡು ಕಾರಣ: ಎಸ್‌ಎಸ್‌ಡಿಯ ಒಳಗಿನ ವೇಗದ ಕ್ಯಾಶ್ ತುಂಬಿತು, ಇಲ್ಲವೇ ಶಾಖ ಹೆಚ್ಚಿ ಅದು ತನ್ನನ್ನು ತಾನೇ ನಿಧಾನಗೊಳಿಸಿತು. ಬೇರ್ಪಡಿಸುವುದು ಸುಲಭ. ಡಬ್ಬಿಯ ಮೇಲೆ ಫ್ಯಾನಿನ ಗಾಳಿ ಬಿಟ್ಟು ಅದೇ ಕಾಪಿ ಮಾಡಿ. ಕುಸಿತ ಅದೇ ಜಾಗದಲ್ಲಿ ಬಂದರೆ ಕ್ಯಾಶ್, ಮುಂದಕ್ಕೆ ಹೋದರೆ ಶಾಖ.

ಡಿಸ್ಕ್ ಚುಚ್ಚಿದ ಕೂಡಲೇ ವೈರ್‌ಲೆಸ್ ಮೌಸ್ ತಡವರಿಸಿದರೆ, ವೈಫೈ ಮಂದವಾದರೆ ಆಶ್ಚರ್ಯ ಬೇಡ. 5 ಗಿಗಾಬಿಟ್ ಯುಎಸ್‌ಬಿಯ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬೀಳುತ್ತದೆ. ಮೌಸಿನ ಡಾಂಗಲ್ಲನ್ನು ಇನ್ನೊಂದು ಬದಿಗೆ ಹಾಕಿ, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ಒಳ್ಳೆಯ ಹೊದಿಕೆ ಇರುವ ಕೇಬಲ್ ಬಳಸಿ.

ಕಂಪನಿಯೇ ಸಿದ್ಧಪಡಿಸಿ ಮಾರುವ ಪೋರ್ಟಬಲ್ ಡಿಸ್ಕ್ ಕೆಟ್ಟಾಗ ಅದನ್ನು ಒಡೆದು ಬೇರೆ ಡಬ್ಬಿಗೆ ಹಾಕಲು ಹೊರಡುವವರು ಒಂದು ತಿಳಿದಿರಬೇಕು. ಅಂಥ ಎಷ್ಟೋ 2.5 ಇಂಚಿನ ಡಿಸ್ಕುಗಳಲ್ಲಿ ಸಾಟಾ ಬಾಯಿಯೇ ಇರುವುದಿಲ್ಲ, ಯುಎಸ್‌ಬಿ ಬಾಯಿ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ. ಸಾಟಾ ಇದ್ದರೂ ಹಳೆಯ ಬ್ರಿಡ್ಜ್ ಚಿಪ್ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿ ಬರೆದಿರಬಹುದು, ಇಲ್ಲವೇ ಸೆಕ್ಟರನ್ನು 4096 ಬೈಟ್ ಎಂದು ತೋರಿಸಿ ಪಾರ್ಟಿಷನ್ ಮಾಡಿಸಿರಬಹುದು. ಹೊಸ ಡಬ್ಬಿಯಲ್ಲಿ ಆ ಡಿಸ್ಕ್ ಖಾಲಿ ಎಂದು ಕಾಣುತ್ತದೆ. ಖಾಲಿಯಾಗಿರುವುದಿಲ್ಲ. ಅದರ ಮೇಲೆ ಏನನ್ನೂ ಬರೆಯದೆ ಹಳೆಯ ಬೋರ್ಡಿಗೇ ಮರಳಿ ಜೋಡಿಸಿ, ಇನ್ನೊಂದು ಕೇಬಲ್‌ನಲ್ಲಿ ಪ್ರಯತ್ನಿಸಿ.

ಟಿಕ್ ಟಿಕ್ ಸದ್ದು ಪೋರ್ಟ್, ಕೇಬಲ್, ಹಬ್ ಎಲ್ಲ ಬದಲಿಸಿದ ಮೇಲೂ ನಿಲ್ಲದಿದ್ದರೆ ತಟ್ಟೆಯಿಂದ ಡೇಟಾ ಓದುವ ಹೆಡ್ ಕೆಡುತ್ತಿದೆ. ಮತ್ತೆ ಮತ್ತೆ ಚುಚ್ಚಿ ನೋಡುವ ಆಸೆ ಬಿಡಿ. ಪ್ರತಿ ಸಲ ತಟ್ಟೆ ಸುತ್ತಿದಾಗಲೂ ಗೀರು ಬೀಳುವ ಸಂಭವವಿದೆ. ಫೈಲು ಬೇಕೇ ಬೇಕೆಂದಿದ್ದರೆ ಡಿಸ್ಕನ್ನು ಆ ಕ್ಷಣವೇ ಬಿಡಿಸಿ, ಡೇಟಾ ರಿಕವರಿಯವರ ಕೈಗೆ ಕೊಡುವವರೆಗೆ ಕರೆಂಟು ಕೊಡಬೇಡಿ.